ಎಂಜಿನ್ ಮಾಡುವ ಕೈಗಳು

ನಮ್ಮ ದಾದಾ ಖಾನಾಪುರದವರು. ಲೋಂಡಾ–ಮೀರಜ್ ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದ ಉಗಿ ಎಂಜಿನ್ನುಗಳನ್ನು ಕಂಡವರು. "ಅವೆಲ್ಲ ವಿಲಾಯತಿ ಮಾಲು. ನಮ್ಮವರಿಗೆ ಎಲ್ಲಿ ಬರ್ತಿತ್ತು ಅಂಥಾ ಕೆಲಸ?" ಎಂದು ಆಗಾಗ ಹೇಳುತ್ತಾರೆ. ಆದರೆ ನಾನು ಓದಿ ತಿಳಿದ ಸಂಗತಿ ಬೇರೆ.

ನಮ್ಮವರಿಗೆ ಕೆಲಸ ಬರುತ್ತಿತ್ತು. 1895ರಲ್ಲೇ ಅಜ್ಮೀರ್ ವರ್ಕ್‌ಶಾಪಿನಲ್ಲಿ ಎಫ್-734 ಎಂಬ ಮೀಟರ್ ಗೇಜ್ ಎಂಜಿನ್ ತಯಾರಾಯಿತು. ಇಲ್ಲದಿದ್ದುದು ಕೌಶಲವಲ್ಲ, ಆರ್ಡರು. ಹೆಚ್ಚಿನ ಎಂಜಿನ್ನುಗಳನ್ನು ಬ್ರಿಟನ್ನಿನಿಂದಲೇ ತರಿಸುತ್ತಿದ್ದರು. 1921ರಲ್ಲಿ ಎಂಜಿನ್ ತಯಾರಿಸಲೆಂದೇ ಪೆನಿನ್ಸುಲರ್ ಲೋಕೋಮೋಟಿವ್ ಕಂಪನಿ ಹುಟ್ಟಿತು. ನಿರೀಕ್ಷಿಸಿದ ಸರ್ಕಾರಿ ಆರ್ಡರ್ ಸಿಗದೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಸ್ವಾತಂತ್ರ್ಯದ ನಂತರ ಆರ್ಡರ್ ಬಂತು. ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆ 1950ರಿಂದ 1972ರವರೆಗೆ 2351 ಉಗಿ ಎಂಜಿನ್ನುಗಳನ್ನು ತಯಾರಿಸಿತು. ಆಮೇಲೆ ಆ ವಿದ್ಯೆ ಮುಗಿಯಿತು. ಕಾರ್ಖಾನೆ ಮಾತ್ರ ಮುಚ್ಚಲಿಲ್ಲ, ಏಕೆಂದರೆ ಉಗಿ ಎಂಜಿನ್ ನಡೆಯುತ್ತಿರುವಾಗಲೇ, 1961ರಲ್ಲಿ, ಅದು ವಿದ್ಯುತ್ ಎಂಜಿನ್ ಮಾಡಲು ಕಲಿತಿತ್ತು. ನಮಗೆ ಎಂಜಿನ್ ಕಳಿಸುತ್ತಿದ್ದ ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿಗೆ ಉಗಿಯಿಂದ ಡೀಸೆಲ್ಲಿಗೆ ಸರಿಯಾಗಿ ಹೊರಳಲು ಆಗಲಿಲ್ಲ. 1962ರಲ್ಲಿ ಅದು ಬಾಗಿಲು ಹಾಕಿತು.

ಈ ಕಥೆ ನನಗೆ ಹತ್ತಿರವಾಗಲು ಕಾರಣವಿದೆ. ನಮ್ಮ ಅಬ್ಬಾ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಮೋಲ್ಡರ್. ಮರಳಿನ ಅಚ್ಚು ಕಟ್ಟಿ, ಕಾದ ಬೀಡು ಕಬ್ಬಿಣ ಹೊಯ್ಯುತ್ತಾರೆ. ಉಗಿ ಎಂಜಿನ್ನಿನ ಸಿಲಿಂಡರನ್ನೂ ಹೀಗೆಯೇ ಎರಕ ಹೊಯ್ಯುತ್ತಿದ್ದರು. ಅಬ್ಬಾ ಮಾಡುವ ಬಿಡಿಭಾಗಗಳು ಡೀಸೆಲ್ ಎಂಜಿನ್ನಿಗೆ ಹೋಗುತ್ತವೆ. ವಿದ್ಯುತ್ ಗಾಡಿಗೆ ಸಿಲಿಂಡರೇ ಬೇಡ. ಈ ವರ್ಷ ಫೌಂಡ್ರಿಯಲ್ಲಿ ಓವರ್‌ಟೈಮ್ ಇಲ್ಲ. "ನೀನು ಈ ಕಡೆ ಬರಬೇಡ ಬೇಟಾ, ಬೇರೆ ಏನಾದ್ರೂ ಓದು" ಎನ್ನುತ್ತಾರೆ ಅಬ್ಬಾ.

ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಪಿಯುಸಿ ಮುಗಿಸಿ ಮೆಕ್ಯಾನಿಕಲ್ ಓದಬೇಕೆಂದೇ ನನ್ನ ಆಸೆ. ಮೋಟಾರಿನ ಕವಚಕ್ಕೂ ಎರಕ ಬೇಕು, ಪಂಪಿಗೂ ಬೇಕು. ಯಾವುದಕ್ಕೆ ಬೇಡಿಕೆ ಬರುತ್ತಿದೆ ಎಂದು ನೋಡಿ ಅದನ್ನು ಕಲಿಸುವವರು, ಕಲಿಯುವವರು ಬೇಕು. ಗೆಳೆಯರೇ, ನಿಮ್ಮ ಮನೆಯಲ್ಲೂ ಲೇತ್ ಮೇಲೆ, ಭಟ್ಟಿಯ ಮುಂದೆ ದುಡಿಯುವವರು ಇರಬಹುದು. ಅವರ ಕೆಲಸವನ್ನು ಒಮ್ಮೆ ಕೇಳಿ ತಿಳಿದುಕೊಳ್ಳಿ. ಆರ್ಡರ್ ನಿಂತರೆ ಕಾರ್ಖಾನೆಗೆ ಬೀಗ ಬೀಳಬಹುದು. ಕೈಯಲ್ಲಿರುವ ವಿದ್ಯೆ, ಮುಂದಿನವರು ಕಲಿತರೆ ಮಾತ್ರ ಉಳಿಯುತ್ತದೆ.