ಇಂಜೆಕ್ಷನ್ ತಾರೀಖು ಬರೋವರೆಗೆ

ಎಲೆತೋಟದಲ್ಲಿ ಯಾಕೆ ಕಾಣ್ತಿಲ್ಲ ಅಂತ ನಂಜನಗೂಡು ರಸ್ತೆ ಕಡೆಯ ಗೆಳೆಯರು ಫೋನ್ ಮಾಡ್ತಾನೇ ಇದ್ದೀರಿ. ಒಬ್ಬೊಬ್ಬರಿಗೂ ಹೇಳೋ ಬದಲು ಇಲ್ಲೇ ಬರೀತೀನಿ. ನಿಂತುಕೊಂಡೇ ಬರೀತಿದ್ದೀನಿ. ಕೂತರೆ ಹತ್ತು ನಿಮಿಷಕ್ಕೆ ಎಡಗಾಲು ಬೆಂಕಿ.

ಸಯಾಟಿಕಾ ಕಣ್ರಪ್ಪ. ಬೆನ್ನುಮೂಳೆಯ ತೀರಾ ಕೆಳಗಿನ ಡಿಸ್ಕ್ ಹಿಂದಕ್ಕೆ ಉಬ್ಬಿ, ಕಾಲಿಗೆ ಇಳಿಯೋ ನರದ ಬುಡವನ್ನ ಒತ್ತಿದೆ. ಎಂಆರ್‌ಐನಲ್ಲಿ ಎಲ್5–ಎಸ್1 ಅಂತ ಬರೆದಿದ್ದಾರೆ. ಕೆಟ್ಟಿರೋದು ಸೊಂಟ, ನೋವು ಮಾತ್ರ ತೊಡೆ ಹಿಂದೆ, ಮೀನಖಂಡ, ಕಿರುಬೆರಳವರೆಗೆ. ತೂಬಿನ ಹತ್ತಿರ ಕಸ ಕಟ್ಟಿಕೊಂಡ್ರೆ ಕೊನೇ ಪಾತಿ ಒಣಗಲ್ವಾ, ಹಂಗೆ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಅಂತಾರೆ. ಗೃಧ್ರ ಅಂದ್ರೆ ರಣಹದ್ದು. ನನ್ನ ನಡಿಗೆ ನೋಡಿದೋರಿಗೆ ಹೆಸರು ಯಾಕೆ ಬಂತು ಅಂತ ಕೇಳೋ ಅಗತ್ಯ ಇರಲ್ಲ.

ಎಕ್ಸ್‌ರೇ ನೋಡಿಕೊಂಡು ನರದ ಬುಡಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರೆ. ಮೈಸೂರಲ್ಲೇ, ಆದ್ರೆ ತಾರೀಖು ಸಿಕ್ಕಿರೋದು ಇನ್ನು ಐದು ವಾರಕ್ಕೆ. ಅದು ಡಿಸ್ಕನ್ನ ಒಳಕ್ಕೆ ತಳ್ಳಲ್ಲ. ಊತ ಇಳಿಸಿ ಒಂದಷ್ಟು ದಿನ ಬಿಡುವು ಕೊಡುತ್ತೆ, ಅಷ್ಟರಲ್ಲಿ ದೇಹ ತಾನೇ ಸುಧಾರಿಸಿಕೊಳ್ಳಬೇಕು. ಎಲ್ಲರಿಗೂ ಹಿಡಿಯಲ್ಲ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಶುಗರ್ ಏರುತ್ತೆ, ರಕ್ತ ತೆಳು ಮಾಡೋ ಮಾತ್ರೆ ನುಂಗೋರೂ ಮೊದಲೇ ಡಾಕ್ಟರಿಗೆ ಹೇಳಬೇಕು.

ನೋವಿಗಿಂತ ಹೆಚ್ಚು ಕಾಡ್ತಿರೋದು ತೋಟ. ಬಳ್ಳಿ ಅಗಸೆ ಮರದ ತುದಿ ಮುಟ್ಟಿದೆ. ಇಳಿಸಿ, ಸುತ್ತಿ, ಬುಡದಲ್ಲಿ ಮಣ್ಣು ಮುಚ್ಚಬೇಕು. ಪೂರಾ ಬಗ್ಗೋ ಕೆಲಸ. ಒಂದು ವರ್ಷ ಬಿಟ್ಟರೆ ಎಲೆ ಚಿಕ್ಕದಾಗುತ್ತೆ, ಮೈಸೂರು ಎಲೆ ಅಂತ ಯಾರೂ ಕೈಗೆತ್ತಿಕೊಳ್ಳಲ್ಲ. ಜಿಐ ಗುರುತು ಇದ್ದು ಏನು ಬಂತು, ಮಾರ್ಕೆಟ್‌ನಲ್ಲಿ ನೋಡೋದು ಎಲೆಯನ್ನ ತಾನೆ! ಸೈಟು ಕೇಳ್ಕೊಂಡು ಬರೋರಿಗೂ ಸುದ್ದಿ ಮುಟ್ಟಿದೆ, ಈ ವಾರ ಇಬ್ಬರು ಬಂದು ಕಾಲು ವಿಚಾರಿಸಿಕೊಂಡು ಹೋದರು. ಹೆಂಡತಿ ಏಣಿ ಹತ್ತಿ ಎಲೆ ಕೊಯ್ತಾಳೆ, ನಾನು ಕೆಳಗೆ ಏಣಿ ಹಿಡಿದು ನಿಂತಿರ್ತೀನಿ. ಅದೊಂದು ಬೇರೆ ನೋವು.

ಹಾಸಿಗೆ ಹಿಡಿದು ಮಲಗಬೇಡಿ ಅಂದಿದ್ದಾರೆ. ಬದುವಿನ ಮೇಲೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ನಡೀತೀನಿ. ತಡೆಯೋಕಾಗದಾಗ ಅಂಗಾತ ಮಲಗಿ ಮೀನಖಂಡ ಭತ್ತದ ಮೂಟೆ ಮೇಲೆ ಇಟ್ಟರೆ ಕಾಲು ಗಂಟೆಯಲ್ಲಿ ಹಿಡಿತ ಸಡಿಲುತ್ತೆ. ರಾತ್ರಿ ಮಂಡಿ ನಡುವೆ ದಿಂಬು. ನರದ ನೋವಿಗೆ ಕೊಟ್ಟಿರೋ ಪ್ರೆಗಾಬಲಿನ್ ತಲೆ ತಿರುಗಿಸುತ್ತೆ, ಆ ಮಾತ್ರೆ ನುಂಗಿ ಏಣಿ, ಬೈಕು ಎರಡೂ ಬೇಡ. ಅಂಗಡಿಯಲ್ಲಿ ತಾವೇ ಕೇಳಿ ಡೈಕ್ಲೋಫೆನಾಕ್ ತಿಂಗಳುಗಟ್ಟಲೆ ನುಂಗೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೊಟ್ಟೆ, ಕಿಡ್ನಿ ಎರಡಕ್ಕೂ ಕೇಡು. ಬೆನ್ನು ತುಳಿಸಿಕೊಳ್ಳೋದಂತೂ ನಾನು ಒಪ್ಪಲ್ಲ.

ಬೆಳಿಗ್ಗೆ ಹತ್ತು ಹೆಜ್ಜೆ ತುದಿಗಾಲಲ್ಲಿ, ಹತ್ತು ಹೆಜ್ಜೆ ಹಿಮ್ಮಡಿ ಮೇಲೆ ನಡೆದು ನೋಡ್ತೀನಿ. ಪಾದ ಸೋತು ನೆಲಕ್ಕೆ ಬಡಿಯೋಕೆ ಶುರುವಾದ್ರೆ, ಕೂರೋ ಜಾಗ ಜೋಮು ಹಿಡಿದ್ರೆ, ಮೂತ್ರ ಕಟ್ಟಿದ್ರೆ ಇಲ್ಲಾ ಗೊತ್ತಾಗದೆ ಹೋದ್ರೆ, ತಾರೀಖು ಗೀರೀಖು ನೋಡ್ದೆ ಅವತ್ತೇ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಓಡಬೇಕು. ತಡವಾದ್ರೆ ಆ ನರ ವಾಪಸ್ ಬರದೇ ಇರಬಹುದು.

ಬಳ್ಳಿ ಇಳಿಸೋಕೆ ಕೈ ಪಳಗಿದ ಇಬ್ಬರು ಬೇಕು, ನಾಲ್ಕು ದಿನದ ಕೆಲಸ. ಕೂಲಿ, ಊಟ ನಮ್ಮದು. ಹಳಬರಾದ್ರೆ ಒಳ್ಳೇದು, ಬಳ್ಳಿ ಮುರೀಬಾರದು.