ತಾಳೆ ನೋಡುವ ಡಿಫ್

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಕಚೇರಿಗೆ ಜೆರಾಕ್ಸ್ ಯಂತ್ರ ಬಂದಿರಲಿಲ್ಲ. ಹಳೆಯ ದಾಖಲೆಯ ನಕಲು ಬೇಕೆಂದು ಯಾರಾದರೂ ಅರ್ಜಿ ಕೊಟ್ಟರೆ ಒಬ್ಬರು ಅದನ್ನು ಕೈಯಲ್ಲಿ ಬರೆಯುತ್ತಿದ್ದರು. ಆಮೇಲೆ ಇಬ್ಬರು ಎದುರುಬದುರು ಕೂತು ತಾಳೆ ನೋಡಬೇಕು. ಒಬ್ಬ ಮೂಲವನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ನಕಲಿನ ಮೇಲೆ ಬೆರಳಿಟ್ಟುಕೊಂಡು ಸಾಲು ಸಾಲು ಸಾಗುತ್ತಾನೆ. ಹೊಲದ ಚೆಕ್ಕುಬಂದಿಯಲ್ಲಿ ‘ಮೂಡಲಿಗೆ ಹಳ್ಳ’ ಎಂದಿರುವುದು ‘ಬಡಗಲಿಗೆ ಹಳ್ಳ’ ಎಂದಾಗಿಬಿಟ್ಟರೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ! ಅದಕ್ಕೇ ನಕಲಿನ ಕೊನೆಯಲ್ಲಿ ಬರೆದವರ ಸಹಿ ಮಾತ್ರ ಸಾಲದು, ತಾಳೆ ನೋಡಿದವರ ಸಹಿಯೂ ಬೇಕಿತ್ತು. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ತೂಕಡಿಸದೆ ಈ ಕೆಲಸ ಮಾಡುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು.

ನಿವೃತ್ತನಾಗಿ ಸತ್ಯನಾರಾಯಣಪೇಟೆಯ ಮನೆಯಲ್ಲಿ ಕೂತ ಮೇಲೆ ಆ ಮಾತೇ ಮರೆತುಹೋಗಿತ್ತು. ಕಳೆದ ಬೇಸಿಗೆ ರಜೆಯಲ್ಲಿ ಒಂಬತ್ತನೇ ಕ್ಲಾಸಿನ ಮೊಮ್ಮಗಳು ಅದನ್ನು ಮತ್ತೆ ನೆನಪಿಸಿದಳು. ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಅವಳು ‘ಡಿಫ್’ ಎಂದು ಬರೆದು, ಮುಂದೆ ಎರಡು ಕಡತಗಳ ಹೆಸರು ಬರೆದು, ಒಂದು ಗುಂಡಿ ಒತ್ತಿದಳು. ಏನೂ ಬರಲಿಲ್ಲ.

“ಕೆಟ್ಟೈತೇನು?” ಎಂದೆ.

“ಇಲ್ಲ ತಾತ. ಎರಡೂ ಒಂದೇ ಇದ್ರೆ ಇದು ಮಾತೇ ಆಡಲ್ಲ. ಫರಕು ಇದ್ರೆ ಮಾತ್ರ ಹೇಳ್ತೈತಿ.”

ನನಗೆ ಅದು ಬಹಳ ಹಿಡಿಸಿತು. ನಮ್ಮ ಕಚೇರಿಯಲ್ಲಿ ಎಲ್ಲ ಸರಿಯಿದ್ದರೂ ಮಾತಾಡುವವರೇ ಹೆಚ್ಚಿದ್ದರು.

ಮಕ್ಕಳೇ, ಎರಡು ಚಿತ್ರ ಪಕ್ಕಪಕ್ಕ ಕೊಟ್ಟು ‘ವ್ಯತ್ಯಾಸ ಕಂಡುಹಿಡಿಯಿರಿ’ ಎನ್ನುವ ಆಟ ನಿಮಗೆ ಗೊತ್ತೇ ಇದೆ. ಡಿಫ್ ಎಂಬುದು ಬರಹಕ್ಕೆ ಅದೇ ಆಟ ಆಡುವ ಪುಟ್ಟ ತಂತ್ರಾಂಶ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದಲ್ಲಿ ಡಗ್ಲಸ್ ಮೆಕಿಲ್‌ರಾಯ್ ಇದನ್ನು ಬರೆದರು. 1974ರಲ್ಲಿ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಐದನೆಯ ಆವೃತ್ತಿಯ ಜೊತೆ ಹೊರಬಂತು. ಅದರ ಒಳಗುಟ್ಟನ್ನು ಅವರೂ ಜೇಮ್ಸ್ ಹಂಟ್ ಎಂಬುವರೂ ಸೇರಿ 1976ರಲ್ಲಿ ಪ್ರಕಟಿಸಿದರು. ಐವತ್ತು ವರ್ಷ ಹಳೆಯದಾದರೂ ಇಂದಿಗೂ ಜಗತ್ತಿನ ತಂತ್ರಾಂಶ ಬರೆಯುವವರೆಲ್ಲ ಇದನ್ನೋ ಇದರ ಮಕ್ಕಳು ಮೊಮ್ಮಕ್ಕಳನ್ನೋ ದಿನವೂ ಬಳಸುತ್ತಾರೆ. ಕನ್ನಡ ವಿಕಿಪೀಡಿಯದ ಲೇಖನವೊಂದರ ‘ಇತಿಹಾಸ’ ತೆರೆದರೆ ಯಾರು ಯಾವ ಪದ ಬದಲಿಸಿದರು ಎಂದು ಬಣ್ಣದಲ್ಲಿ ತೋರಿಸುತ್ತದಲ್ಲ, ಅದೂ ಇದೇ ಬಳಗ.

ಒಳಗುಟ್ಟು ಏನೆಂದು ಕೇಳಿದೆ. ಮೊದಲ ಸಾಲಿಗೆ ಮೊದಲ ಸಾಲು, ಎರಡನೆಯದಕ್ಕೆ ಎರಡನೆಯದು ಎಂದು ಹೋಲಿಸಿದರೆ ಆಯಿತಲ್ಲ, ಅದರಲ್ಲಿ ಪ್ರಕಟಿಸುವಂಥದ್ದು ಏನಿದೆ ಎಂಬುದು ನನ್ನ ತಕರಾರು. ಅವಳು ತನ್ನ ಕ್ಲಾಸಿನ ಹಾಜರಿ ಪುಸ್ತಕದ ಉದಾಹರಣೆ ಕೊಟ್ಟಳು. ಜುಲೈನಲ್ಲಿ ‘ಅ’ದಿಂದ ಶುರುವಾಗುವ ಹೆಸರಿನ ಹೊಸ ಹುಡುಗಿಯೊಬ್ಬಳು ಸೇರಿದಳು. ಅಕ್ಷರದ ಕ್ರಮದಲ್ಲಿ ಅವಳೇ ಮೊದಲು. ಉಳಿದವರ ನಂಬರೆಲ್ಲ ಒಂದೊಂದು ಕೆಳಗೆ ಸರಿಯಿತು. ಜೂನ್ ಪಟ್ಟಿಯನ್ನೂ ಜುಲೈ ಪಟ್ಟಿಯನ್ನೂ ಸಾಲಿಗೆ ಸಾಲು ಹೋಲಿಸಿದರೆ ಕ್ಲಾಸಿಗೆ ಕ್ಲಾಸೇ ಬದಲಾದಂತೆ ಕಾಣುತ್ತದೆ. ನಿಜವಾಗಿ ಬಂದವಳು ಒಬ್ಬಳೇ. ಡಿಫ್ ಮೊದಲು ಫರಕು ಹುಡುಕುವುದಿಲ್ಲ. ಎರಡರಲ್ಲೂ ಒಂದೇ ಕ್ರಮದಲ್ಲಿ ಬರುವ ಸಾಲುಗಳ ಅತಿ ಉದ್ದದ ಸರಣಿ ಯಾವುದು ಎಂದು ನೋಡುತ್ತದೆ. ಆ ಸರಣಿಗೆ ಸೇರದೆ ಉಳಿದದ್ದೇ ವ್ಯತ್ಯಾಸ. ಮೊದಲ ಕಡತದಲ್ಲಿ ಮಾತ್ರ ಇರುವ ಸಾಲಿನ ಮುಂದೆ ಎಡಕ್ಕೆ ಮೊನೆ ಮಾಡಿದ ಬಾಣದ ತುದಿ ಇಡುತ್ತದೆ, ಎರಡನೆಯದರಲ್ಲಿ ಮಾತ್ರ ಇರುವುದಕ್ಕೆ ಬಲಕ್ಕೆ.

ನಮ್ಮೂರಿನದೇ ಒಂದು ತಮಾಷೆ ಹೇಳುತ್ತೇನೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ‘ಬೆಲ್ಲಾರಿ’ ಎಂದು ಓದಿಸಿಕೊಳ್ಳುತ್ತಿದ್ದದ್ದು ಬಳ್ಳಾರಿ ಆಯಿತು. ಇಂಗ್ಲಿಷ್ ಕಾಗದಪತ್ರಗಳ ಹಳೆಯ ಪ್ರತಿ, ಹೊಸ ಪ್ರತಿ ಎರಡನ್ನೂ ಡಿಫ್ ಮುಂದಿಟ್ಟರೆ ಊರಿನ ಹೆಸರಿರುವ ಸಾಲಿಗೆಲ್ಲ ಬಾಣ. ಕನ್ನಡದವನ್ನು ಇಟ್ಟರೆ ಆ ಹೆಸರಿನ ಮಟ್ಟಿಗೆ ಮೌನ. ನಾವು ಮೊದಲಿಂದಲೂ ಬಳ್ಳಾರಿ ಅಂತಲೇ ಬರೆಯುತ್ತಿದ್ದೆವಲ್ಲ!

ಇಷ್ಟು ಕೇಳಿದ ಮೇಲೆ ನನಗೆ ಮನೆಯಲ್ಲಿದ್ದ ಒಂದು ಹಳೆಯ ವ್ಯಾಜ್ಯದ ನೆನಪು ಬಂತು. ನಮ್ಮವ್ವ ಹೇಳಿ ಬರೆಸಿದ ಅಡುಗೆ ಪುಸ್ತಕಗಳು ಎರಡಿವೆ. ಒಂದು ನಮ್ಮ ಮನೆಯದು. 1979ರಲ್ಲಿ ನನ್ನ ಮದುವೆಯಾದ ವರ್ಷ ಕುರುಗೋಡಿನ ಮನೆಯಲ್ಲಿ ಅವ್ವ ಹೇಳುತ್ತ ಹೋದಂತೆ ನನ್ನ ಹೆಂಡತಿ ಬರೆದುಕೊಂಡದ್ದು. ಇನ್ನೊಂದು ಸಿರುಗುಪ್ಪದಲ್ಲಿರುವ ನನ್ನ ತಂಗಿಯದು, 1996ರದು. ಮದುವೆಯಾಗಿ ಹೋಗುವಾಗ ಅವಳಿಗೆ ಪುಸ್ತಕ ಬೇಕಿರಲಿಲ್ಲ, ಕೈಯಲ್ಲೇ ಅಡುಗೆಯಿತ್ತು. ಅವ್ವನಿಗೆ ಮರೆವು ಶುರುವಾಗುತ್ತಿದೆ ಅನ್ನಿಸಿದಾಗ ಒಂದು ವಾರ ಹೋಗಿ ಕೂತು ಬರೆದುಕೊಂಡಳು. ಅಂದಿನಿಂದ ತಂಗಿಯದು ಒಂದೇ ಮಾತು: “ಅಣ್ಣಾ, ನಿಮ್ಮ ಮನಿ ಶೇಂಗಾಪುಡಿ ಅವ್ವನ ಪುಡಿ ಅಲ್ಲ.” ನನ್ನ ಹೆಂಡತಿ ಎದುರಿಗೆ ನಕ್ಕು ಸುಮ್ಮನಾಗುತ್ತಿದ್ದಳು. ಒಳಗೆ ನೋವಿತ್ತು. ಅತ್ತೆಯ ಬಾಯಿಂದ ಬಂದದ್ದನ್ನು ಅಕ್ಷರ ಬಿಡದೆ ಬರೆದಿದ್ದೇನೆ ಎಂಬುದು ಅವಳ ಹೆಮ್ಮೆ. ಹೆಂಡತಿ ಈಗಿಲ್ಲ. ಪುಸ್ತಕ ಇದೆ.

ಮೊಮ್ಮಗಳೂ ಸಿರುಗುಪ್ಪದಲ್ಲಿ ಪಿಯುಸಿ ಓದುತ್ತಿರುವ ತಂಗಿಯ ಮೊಮ್ಮಗನೂ ಫೋನಿನಲ್ಲಿ ಮಾತಾಡಿಕೊಂಡು ಕೆಲಸ ಹಂಚಿಕೊಂಡರು. ಒಂದು ಅಡುಗೆಗೆ ಒಂದು ಕಡತ. ಬೇರೆ ಮಾತೆಲ್ಲ ಬಿಟ್ಟು ಸಾಮಾನು ಮತ್ತು ಅಳತೆ ಮಾತ್ರ, ಸಾಲಿಗೊಂದು. ಹತ್ತು ದಿನ ಹಿಡಿಯಿತು.

ಮೊದಲು ಎಣ್ಣೆಗಾಯಿಯ ಕಡತಗಳನ್ನು ಹಾಕಿದರು. ಡಿಫ್ ಎರಡು ಸಾಲು ತೋರಿಸಿತು. ಎಡಬಾಣದ ಮುಂದೆ ‘ಕೊತ್ತಂಬರಿ ಸೊಪ್ಪು ಒಂದು ಹಿಡಿ’. ಬಲಬಾಣದ ಮುಂದೆಯೂ ‘ಕೊತ್ತಂಬರಿ ಸೊಪ್ಪು ಒಂದು ಹಿಡಿ’. ನಾನು ಕನ್ನಡಕ ಒರೆಸಿಕೊಂಡು ನೋಡಿದೆ, ಕೂದಲೆಳೆಯಷ್ಟೂ ಫರಕಿಲ್ಲ. ಯಂತ್ರಕ್ಕೆ ನಿದ್ದೆ ಬಂದಿರಬೇಕು ಅಂದುಕೊಂಡೆ. ಹುಡುಗರು ಅರ್ಧ ದಿನ ತಲೆಕೆಡಿಸಿಕೊಂಡು ಕಾರಣ ಹಿಡಿದರು. ಕಂಪ್ಯೂಟರಿನೊಳಗೆ ‘ಕೊ’ ಅಕ್ಷರವನ್ನು ಎರಡು ರೀತಿ ಇಡಬಹುದಂತೆ. ‘ಕ’ಕ್ಕೆ ಒತ್ವದ ಒಂದೇ ಗುರುತು ಹಚ್ಚಬಹುದು. ಇಲ್ಲವೇ ಎತ್ವದ ಗುರುತು, ಊಕಾರದ ಕೊಂಬು ಎಂದು ಎರಡು ಬೇರೆ ಗುರುತು ಹಚ್ಚಬಹುದು. ಪರದೆಯ ಮೇಲೆ ಎರಡೂ ಒಂದೇ ‘ಕೊ’. ನಾವು ಮಗ್ಗಿಯಂತೆ ಕಾಗುಣಿತ ಹೇಳುವಾಗ ಇದೆಲ್ಲ ಎಲ್ಲಿ ಗೊತ್ತಿತ್ತು! ಹುಡುಗ ಹಳೆಯ ತಂತ್ರಾಂಶವೊಂದರಲ್ಲಿ ಬೆರಳಚ್ಚು ಮಾಡಿ ಆಮೇಲೆ ಅದನ್ನು ಯುನಿಕೋಡಿಗೆ ಬದಲಾಯಿಸಿದ್ದ. ಅಲ್ಲಿ ಎರಡು ಗುರುತು ಬಂದಿತ್ತು. ಎರಡೂ ಕಡೆಯದನ್ನು ಒಂದೇ ರೀತಿಗೆ ತಂದ ಮೇಲೆ ಡಿಫ್ ಸುಮ್ಮನಾಯಿತು. ಡಿಫ್ ಅಕ್ಷರವನ್ನು ನೋಡುವುದಿಲ್ಲ, ಒಳಗಿನ ಸಂಖ್ಯೆಯನ್ನು ನೋಡುತ್ತದೆ ಎಂದು ನನಗೆ ಆಗ ತಿಳಿಯಿತು.

ಆಮೇಲೆ ಶೇಂಗಾಪುಡಿ. ಸಿರುಗುಪ್ಪದವರು ಫೋನಿನ ಪರದೆಯಲ್ಲಿ ಮುಖ ಒಡ್ಡಿ ಕೂತಿದ್ದರು. ಈ ಸಲ ಬಾಣವೋ ಬಾಣ. ನಮ್ಮದರಲ್ಲಿ ಶೇಂಗಾ 2 ಸೇರು, ತಂಗಿಯದರಲ್ಲಿ 1 ಪಾವು. ಮೆಣಸಿನಕಾಯಿ ನಮ್ಮದರಲ್ಲಿ 40, ಅವಳದರಲ್ಲಿ 5. ಜೀರಿಗೆ 4 ಚಮಚ, ಅಲ್ಲಿ ಅರ್ಧ ಚಮಚ. ಸೇರಿಗೆ ನಾಲ್ಕು ಪಾವು ಎಂದು ನಾನು ಹೇಳಿಕೊಟ್ಟ ಮೇಲೆ ಮೊಮ್ಮಗಳು ಲೆಕ್ಕ ಹಾಕಿ, “ಎಲ್ಲಾ ಸರಿಯಾಗಿ ಎಂಟರಲ್ಲಿ ಒಂದು ಪಾಲು ತಾತ. ರುಚಿ ಬ್ಯಾರೆ ಆಗಂಗಿಲ್ಲ” ಎಂದಳು. ಒಂದು ಸಾಲಿಗೆ ಮಾತ್ರ ಜೋಡಿ ಇರಲಿಲ್ಲ. ‘ಬೆಳ್ಳುಳ್ಳಿ’ ನಮ್ಮ ಪುಸ್ತಕದಲ್ಲಿದೆ, ತಂಗಿಯದರಲ್ಲಿ ಇಲ್ಲವೇ ಇಲ್ಲ.

“ಸಿರುಗುಪ್ಪ ಅಜ್ಜಿ, ನೀವು ಬರೆಯೋದು ಬಿಟ್ಟೀರೇನು?” ಎಂದು ಮೊಮ್ಮಗಳು ಕೇಳಿದಳು.

ತಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಬಿಟ್ಟಿಲ್ಲವ್ವಾ. ಆಗ ಅವ್ವನ ಬೆರಳು ಬಗ್ಗುತ್ತಿರಲಿಲ್ಲ. ಬೆಳ್ಳುಳ್ಳಿ ಬಿಡಿಸಾಕ ಆಗ್ತಿರಲಿಲ್ಲ ಆಕಿಗೆ. ಹಂಗಾಗಿ ಹಾಕೋದು ಬಿಟ್ಟಿದ್ಲು” ಎಂದಳು. ಆಮೇಲೆ ತಾನೇ, “ಅತ್ತಿಗಿ ಬರೆದದ್ದೂ ಅವ್ವನ ಪುಡೀನೇ ಬಿಡಣ್ಣ” ಎಂದಳು. ಆ ಮಾತು ಕೇಳಲು ನನ್ನ ಹೆಂಡತಿ ಇರಬೇಕಿತ್ತು.

1979ರಲ್ಲಿ ಕುರುಗೋಡಿನ ಮನೆಯಲ್ಲಿ ನಾವು ಹನ್ನೊಂದು ಜನ. 1996ಕ್ಕೆ ಅಪ್ಪ ಇರಲಿಲ್ಲ, ತಮ್ಮಂದಿರು ಬೆಂಗಳೂರು ಸೇರಿದ್ದರು, ನಾನು ವರ್ಗವಾದಲ್ಲೆಲ್ಲ ತಿರುಗುತ್ತಿದ್ದೆ. ಕರೆದರೂ ಅವ್ವ ಊರು ಬಿಟ್ಟು ಬರುತ್ತಿರಲಿಲ್ಲ. ಒಂದು ಪಾವು ಶೇಂಗಾ ಎಂದರೆ ಒಬ್ಬಳ ಅಳತೆ. ಡಿಫ್ ಇದನ್ನೆಲ್ಲ ಹೇಳಲಿಲ್ಲ. ಅದು ಬಾಣದ ತುದಿ ಇಟ್ಟು ಸುಮ್ಮನಾಯಿತು, ಅಷ್ಟೇ ಅದರ ಕೆಲಸ.

ಯಾವುದನ್ನು ಇಟ್ಟುಕೊಳ್ಳೋಣ ಎಂದು ಹುಡುಗರು ಕೇಳಿದರು. ಹಳಗನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದ ವಿದ್ವಾಂಸರು ಹಲವು ಓಲೆಗರಿ ಪ್ರತಿಗಳನ್ನು ತಾಳೆ ನೋಡಿ, ಒಂದನ್ನು ಮೇಲೆ ಇಟ್ಟು, ಉಳಿದವನ್ನು ಪಾಠಾಂತರವೆಂದು ಪುಟದ ಕೆಳಗೆ ಕೊಡುತ್ತಿದ್ದರು ಎಂದು ಹೇಳಿದೆ. ಹಾಗೇ ಮಾಡುತ್ತಿದ್ದಾರೆ. ಮೇಲೆ ಯಾವುದು, ಕೆಳಗೆ ಯಾವುದು ಎಂಬ ಜಗಳ ಇನ್ನೂ ಮುಗಿದಿಲ್ಲ.

ಒಟ್ಟು 23 ಅಡುಗೆ. ಬಹುತೇಕ ಎಲ್ಲದರಲ್ಲೂ ಅಳತೆ ಇಳಿದಿತ್ತು. ಹೋಳಿಗೆಯ ಕಡತಗಳನ್ನು ಹಾಕಿದಾಗ ಮಾತ್ರ ಡಿಫ್ ತುಟಿ ಬಿಚ್ಚಲಿಲ್ಲ. ಬೇಳೆ, ಬೆಲ್ಲ, ಹಿಟ್ಟು, ಏಲಕ್ಕಿ, ಎಲ್ಲ 1979ರಲ್ಲಿ ಇದ್ದಷ್ಟೇ. ಕಡತದ ಹೆಸರು ತಪ್ಪಾಯಿತೇನೋ ಎಂದು ಮೊಮ್ಮಗಳು ಎರಡು ಸಲ ಹಾಕಿ ನೋಡಿದಳು.

“ಸರಿ ಐತವ್ವಾ” ಎಂದಳು ತಂಗಿ ಫೋನಿನಲ್ಲಿ. “ಒಬ್ಬಾಕಿ ಸಲುವಾಗಿ ಹೋಳಿಗಿ ಯಾರು ಮಾಡ್ತಾರ? ಯುಗಾದಿಗೆ ಇವರೆಲ್ಲಾ ಬಂದಾಗಷ್ಟೇ ಮಾಡ್ತಿದ್ಲು.”