ತಣ್ಣನೆಯ ಪಾದಗಳೂ ಕಾವಿನ ಹದವೂ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ದಿನವಿಡೀ ನಿಂತು ಪಾಠ ಹೇಳಿದ ನನ್ನ ಕಾಲುಗಳು ಈಗ ನನಗೇ ಪಾಠ ಹೇಳತೊಡಗಿವೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ನೋವು ಇಳಿಯುತ್ತದೆ. ರಾತ್ರಿ ಪಾದಗಳು ತಣ್ಣಗಾಗುತ್ತವೆ. ವೈದ್ಯರು ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿ ನೋಡಿದರು. ಭಾಗಲಬ್ಧ 0.9ಕ್ಕಿಂತ ಕಡಿಮೆಯಾದರೆ ಕಾಲಿನ ಅಪಧಮನಿಗಳು ಕಿರಿದಾಗಿವೆ ಎಂದರ್ಥವಂತೆ. ನನ್ನದು 0.7.

ವಿಷಯ ತಿಳಿದು ನೋಡಲು ಬಂದವರೆಲ್ಲರ ಸಲಹೆಯೂ ಒಂದೇ: ಕಾವು ಕೊಡಿ. ಕಾಸಿದ ಇಟ್ಟಿಗೆ, ಹುರಿದ ಉಪ್ಪಿನ ಗಂಟು, ಲಕ್ಕಿ ಸೊಪ್ಪು ಕುದಿಸಿದ ನೀರು. ದುಡಿದು ದಣಿದ ಮೈಗೆ ಇವು ಹಿತವೆಂಬುದು ನಿಜ. ಆದರೆ ರಕ್ತ ಸಾಲದ ಕಾಲಿನ ಮಾತು ಬೇರೆ.

ಹಾನಗಲ್ಲಿನ ಭತ್ತದ ಗದ್ದೆಯನ್ನು ನೆನೆಯಿರಿ. ಕಾಲುವೆ ಹೂಳಿನಿಂದ ಕಟ್ಟಿಕೊಂಡಿರುವಾಗ ಬಿಸಿಲು ಏರಿದರೆ ಪೈರು ಹೆಚ್ಚು ನೀರು ಕೇಳುತ್ತದೆ, ಬರುವ ನೀರು ಮಾತ್ರ ಅಷ್ಟೇ. ಪಾದಕ್ಕೆ ಬಿಸಿ ಇಟ್ಟಿಗೆ ಒತ್ತಿದಾಗಲೂ ಹಾಗೆಯೇ. ಅಲ್ಲಿಯ ಜೀವಕೋಶಗಳ ಬೇಡಿಕೆ ಏರುತ್ತದೆ, ಪೂರೈಕೆ ಏರದು. ಹೆಚ್ಚಿದ ಶಾಖವನ್ನು ಹೊತ್ತೊಯ್ಯಲೂ ಸಾಕಷ್ಟು ರಕ್ತವಿರದು. ಜೊತೆಗೆ ಸಕ್ಕರೆ ಕಾಯಿಲೆಯಿಂದ ನರಗಳು ಮಂದವಾಗಿದ್ದರೆ ಚರ್ಮ ಸುಟ್ಟರೂ ಅರಿವಾಗದು. ನಮ್ಮ ಬಂಧುವೊಬ್ಬರು ಬಿಸಿನೀರಿನ ಚೀಲದ ಮೇಲೆ ಪಾದವಿಟ್ಟು ನಿದ್ರಿಸಿದರು. ಬೆಳಿಗ್ಗೆ ಕಂಡ ಬೊಬ್ಬೆ ಮಾಯಲಿಲ್ಲ; ಕೊನೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಹಾಗೆಂದು ಕಾವೇ ವೈರಿಯಲ್ಲ. ಜಪಾನಿನ ವೈದ್ಯ ಚೂವಾ ತೇಯಿ ಅವರು 1989ರಲ್ಲಿ ‘ವಾವೊನ್’ ಎಂಬ ಚಿಕಿತ್ಸೆಯನ್ನು ರೂಪಿಸಿದರು. 60 ಡಿಗ್ರಿ ಸೆಲ್ಸಿಯಸ್ಸಿನ ಒಣ ಕೋಣೆಯಲ್ಲಿ 15 ನಿಮಿಷ, ಬಳಿಕ ಕಂಬಳಿ ಹೊದ್ದು 30 ನಿಮಿಷ ವಿಶ್ರಾಂತಿ. 2007ರಲ್ಲಿ ಅವರ ತಂಡವು ಇಂಥ 20 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿತು: 10 ವಾರಗಳಲ್ಲಿ ನೋವು ತಗ್ಗಿತ್ತು, ನಡೆಯುವ ದೂರ ಹೆಚ್ಚಿತ್ತು. ಅಧ್ಯಯನ ಚಿಕ್ಕದು. ಆದರೂ ಒಂದು ಅಂಶ ಗಮನಾರ್ಹ. ಅಲ್ಲಿ ಕಾಯಿಸಿದ್ದು ಇಡೀ ದೇಹವನ್ನು, ಅದೂ ವೈದ್ಯರ ಕಣ್ಣೆದುರಿಗೆ. ತಣ್ಣಗಾದ ಪಾದವೊಂದನ್ನೇ ಅಲ್ಲ.

ಮನೆಯಲ್ಲಿ ನಾವು ಮಾಡಬಹುದಾದದ್ದು ಸರಳ. ಸಡಿಲವಾದ ಉಣ್ಣೆಯ ಕಾಲುಚೀಲ, ಮೈಗೆ ಬೆಚ್ಚನೆಯ ಹೊದಿಕೆ, ಮೊಣಕೈಯಿಂದ ಪರೀಕ್ಷಿಸಿದ ಉಗುರುಬೆಚ್ಚನೆಯ ನೀರು. ಬೀಡಿ, ತಂಬಾಕು ಸಂಪೂರ್ಣ ವರ್ಜ್ಯ. ಸವಣೂರಿನ ಎಲೆ ಎಷ್ಟೇ ಸೊಗಸಾಗಿದ್ದರೂ ಅದರೊಳಗೆ ತಂಬಾಕು ಬೇಡ. ಎಲ್ಲಕ್ಕಿಂತ ಮಿಗಿಲಾದ ಮದ್ದು ನಡಿಗೆ: ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು. ವೈದ್ಯರ ಒಪ್ಪಿಗೆ ಪಡೆದು ಹೀಗೆ ತಿಂಗಳುಗಟ್ಟಲೆ ನಡೆದರೆ ನೋವಿಲ್ಲದೆ ಕ್ರಮಿಸುವ ದೂರ ಹೆಚ್ಚುತ್ತದೆ. ಈ ಕಾವು ಒಳಗಿನಿಂದಲೇ ಹುಟ್ಟುವಂಥದ್ದು.

ಊರಿಗೆ ಬಂದಾಗ ನೀವು ಹಿರಿಯರ ಪಾದ ಮುಟ್ಟಿ ನಮಸ್ಕರಿಸುತ್ತೀರಿ. ಆಗ ಒಂದು ಕ್ಷಣ ಹೆಚ್ಚು ಹೊತ್ತು ಕೈಯಿಟ್ಟು ನೋಡಿ. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದ್ದರೆ, ಮಾಯದ ಗಾಯವಿದ್ದರೆ, ಇಟ್ಟಿಗೆ ಕಾಸಬೇಡಿ; ವೈದ್ಯರಲ್ಲಿಗೆ ಕರೆದೊಯ್ಯಿರಿ.